ನಿರಂಕುಶ ಪ್ರಭುತ್ವಕ್ಕಿದ್ದ ಅಂಕುಶಗಳು: ಹದಿನಾಲ್ಕನೆಯ ಲೂಯಿಯ ಆಳ್ವಿಕೆ

ಅರಸನ ಇಚ್ಛೆಗೆ ಎದುರಾಡುವವರಿಲ್ಲದ ರಾಜ್ಯಪದ್ಧತಿಯನ್ನು ಕನ್ನಡದಲ್ಲಿ 'ನಿರಂಕುಶ ಪ್ರಭುತ್ವ'ವೆಂದು ಕರೆಯುವುದು ವಾಡಿಕೆ. ಮಾವುತನ ಅಂಕುಶಕ್ಕೆ ಸಿಕ್ಕದೆ ತನ್ನಿಚ್ಛೆಯಂತೆ ನಡೆಯುವ ಆನೆಯ ಚಿತ್ರ ಈ ಮಾತಿನ ಹಿನ್ನೆಲೆಯಲ್ಲಿದೆ. ಯೂರೋಪಿನ ಭಾಷೆಗಳಲ್ಲಿ ಇದೇ ಅರ್ಥಕ್ಕೆ ಬಳಕೆಯಾಗುವ 'ಅಬ್ಸಲ್ಯೂಟ್' ಎಂಬ ಪದವು ಲ್ಯಾಟಿನ್ ಮೂಲದ್ದು. ಕಟ್ಟಿನಿಂದ ಬಿಡುಗಡೆ ಹೊಂದಿದುದು ಎಂಬುದು ಅದರ ಧಾತ್ವರ್ಥ. ಪ್ರಭುವು ಶಾಸನಗಳ ಕಟ್ಟಿಗೆ ಒಳಪಟ್ಟವನಲ್ಲವೆಂಬ ರೋಮನ್ ನ್ಯಾಯಶಾಸ್ತ್ರದ ಸೂತ್ರಕ್ಕೂ ಇದಕ್ಕೂ ಸಂಬಂಧವುಂಟು. ದೂರದೂರದ ಎರಡು ಭಾಷೆಗಳು ಒಂದೇ ಕಲ್ಪನೆಯನ್ನು ಎರಡು ಬಗೆಯ ಚಿತ್ರಗಳಲ್ಲಿ ಹಿಡಿದಿರುವುದು ಸ್ವಾರಸ್ಯಕರವಾಗಿದೆ. ಆದರೆ ಕಲ್ಪನೆ ಬೇರೆ, ಚರಿತ್ರೆ ಬೇರೆ. ಯಾವ ಅರಸನೂ ಏಕಾಂಗಿಯಾಗಿ ಒಂದು ದೇಶವನ್ನು ಆಳಲಾರನು. ಅವನ ಆಜ್ಞೆ ಅರಮನೆಯ ಬಾಗಿಲನ್ನು ದಾಟಿ ಹಳ್ಳಿಯ ಹೊಲದವರೆಗೆ ತಲುಪಬೇಕಾದರೆ ಅನೇಕ ಕೈಗಳನ್ನು ಹಾದು ಹೋಗಬೇಕು. ಆ ಕೈಗಳು ಏತಕ್ಕಾಗಿ ಅದನ್ನು ಹೊರುತ್ತವೆ ಎಂಬುದೇ ಅಧಿಕಾರದ ನಿಜವಾದ ಪ್ರಶ್ನೆ.

ಈ ಪ್ರಶ್ನೆಯ ಪರಿಶೀಲನೆಗೆ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗಿಂತ ತಕ್ಕ ನಿದರ್ಶನ ಸಿಕ್ಕುವುದು ಕಷ್ಟ. ೧೬೩೮ರಲ್ಲಿ ಹುಟ್ಟಿದ ಈತನು ೧೬೪೩ರ ಮೇ ೧೪ರಂದು, ಐದು ವರ್ಷವೂ ತುಂಬದ ಬಾಲಕನಾಗಿ, ಸಿಂಹಾಸನಕ್ಕೆ ಬಂದನು. ೧೭೧೫ರ ಸೆಪ್ಟೆಂಬರ್ ೧ರಂದು ತೀರಿಕೊಳ್ಳುವವರೆಗೆ ೭೨ ವರ್ಷಗಳಿಗೂ ಮೀರಿ ದೊರೆಯಾಗಿದ್ದನು. ಸುಮಾರು ೨ ಕೋಟಿ ಜನಸಂಖ್ಯೆಯ ಫ್ರಾನ್ಸು ಆಗ ಪಶ್ಚಿಮ ಯೂರೋಪಿನಲ್ಲಿ ಅತ್ಯಂತ ಜನಭರಿತವಾದ ರಾಜ್ಯವಾಗಿದ್ದಿತು. ಸೂರ್ಯನನ್ನು ತನ್ನ ಲಾಂಛನವಾಗಿ ಆರಿಸಿಕೊಂಡಿದ್ದ ಈ ಅರಸನು ೧೬೫೫ರಲ್ಲಿ ಪ್ಯಾರಿಸಿನ ನ್ಯಾಯಾಧೀಶರೆದುರು ರಾಜ್ಯವೆಂದರೆ ತಾನೇ ಎಂದು ಘೋಷಿಸಿದನೆಂಬ ಕಥೆ ಜಗತ್ಪ್ರಸಿದ್ಧವಾಗಿದೆ. ಆದರೆ ಸಮಕಾಲೀನ ದಾಖಲೆಗಳಲ್ಲಿ ಈ ಮಾತು ಕಾಣಬರುವುದಿಲ್ಲ. ಅದಕ್ಕೆ ಬದಲಾಗಿ, ಮರಣಶಯ್ಯೆಯಲ್ಲಿದ್ದಾಗ ತಾನು ಹೊರಟುಹೋದರೂ ರಾಜ್ಯವು ಎಂದೆಂದಿಗೂ ಉಳಿಯುವುದೆಂದು ಆತನು ನುಡಿದುದನ್ನು ಆಸ್ಥಾನದವರು ಬರೆದಿಟ್ಟಿದ್ದಾರೆ. ಆಡಿರದ ಮಾತು ಮನೆಮಾತಾಗಿ, ಆಡಿದ ಮಾತು ಮರೆಯಾಯಿತು. ಈ ಅರಸನ ಅಧಿಕಾರದ ಬಗ್ಗೆ ಲೋಕದಲ್ಲಿ ಹಬ್ಬಿರುವ ತಿಳಿವಳಿಕೆಯ ಸ್ಥಿತಿಯೂ ಹೆಚ್ಚುಕಡಮೆ ಹೀಗೆಯೇ ಇದೆ.

ಸಿದ್ಧಾಂತ ಮತ್ತು ಅನುಭವ

ಫ್ರಾನ್ಸಿನ ರಾಜತತ್ತ್ವಜ್ಞರು ಅರಸನ ಅಧಿಕಾರವು ಅಖಂಡವೆಂದು ಹೇಳಿದರೇ ಹೊರತು ಅದು ಸ್ವೇಚ್ಛಾಚಾರವೆಂದು ಹೇಳಲಿಲ್ಲ. ೧೫೭೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಝಾಂ ಬೊದಾಂ ಎಂಬ ಪಂಡಿತನು ಸಾರ್ವಭೌಮಾಧಿಕಾರವನ್ನು ಹಂಚಿಕೊಳ್ಳಲು ಬಾರದೆಂದು ವಾದಿಸಿದನು; ಆದರೆ ದೈವನಿಯಮ, ನಿಸರ್ಗನಿಯಮಗಳಿಗೆ ಅರಸನೂ ಅಧೀನನೆಂಬುದನ್ನು ಅಲ್ಲಗಳೆಯಲಿಲ್ಲ. ಲೂಯಿಯ ಮಗನಿಗೆ ಗುರುವಾಗಿದ್ದ ಬಿಷಪ್ ಬೊಸ್ವೆ ಅರಸನನ್ನು ಭೂಮಿಯ ಮೇಲೆ ದೇವರ ಪ್ರತಿನಿಧಿಯೆಂದು ಬಣ್ಣಿಸಿದನು. ಆತನೂ ಅಖಂಡಾಧಿಕಾರ ಬೇರೆ, ನ್ಯಾಯನೀತಿಗಳಿಲ್ಲದ ಸ್ವೇಚ್ಛಾಧಿಕಾರ ಬೇರೆ ಎಂದು ಖಚಿತವಾಗಿ ವಿಂಗಡಿಸಿದನು. ರೀಮ್ಸ್ ನಗರದ ಮಹಾದೇವಾಲಯದಲ್ಲಿ ೧೬೫೪ರಲ್ಲಿ ಪವಿತ್ರತೈಲದಿಂದ ಅಭಿಷಿಕ್ತನಾದ ಲೂಯಿಯ ಸ್ಪರ್ಶದಿಂದ ಗಂಡಮಾಲೆಯ ರೋಗ ವಾಸಿಯಾಗುವುದೆಂಬ ನಂಬಿಕೆ ಜನಗಳಲ್ಲಿದ್ದಿತು. ಹಬ್ಬದ ದಿನಗಳಲ್ಲಿ ನೂರಾರು ರೋಗಿಗಳು ಅದಕ್ಕಾಗಿ ಕಾದು ನಿಲ್ಲುತ್ತಿದ್ದರು. ಸಿಂಹಾಸನದ ಉತ್ತರಾಧಿಕಾರವನ್ನು ಗೊತ್ತುಮಾಡುವ ಮೂಲಶಾಸನಗಳನ್ನು ಮಾತ್ರ ಇಂಥ ಅರಸನೂ ಬದಲಿಸುವಂತಿರಲಿಲ್ಲ.

ಸಿದ್ಧಾಂತಕ್ಕಿಂತ ಹೆಚ್ಚಾಗಿ ಲೂಯಿಯನ್ನು ರೂಪಿಸಿದುದು ಬಾಲ್ಯದ ಅನುಭವ. ತಾಯಿ ಆನ್ ರಾಜಪ್ರತಿನಿಧಿಯಾಗಿಯೂ ಇಟಲಿಯಲ್ಲಿ ಹುಟ್ಟಿದ ಕಾರ್ಡಿನಲ್ ಮಾಜಾರಿನ್ ಪ್ರಧಾನಮಂತ್ರಿಯಾಗಿಯೂ ಇದ್ದ ಕಾಲದಲ್ಲಿ, ೧೬೪೮ರಿಂದ ೧೬೫೩ರವರೆಗೆ, 'ಫ್ರೋಂಡ್' ಎಂಬ ದಂಗೆ ರಾಜ್ಯವನ್ನು ಅಲ್ಲಾಡಿಸಿತು. ಪ್ಯಾರಿಸಿನ ನ್ಯಾಯಾಧೀಶರು ಅದನ್ನು ಆರಂಭಿಸಿದರು. ರಾಜವಂಶದ ಸರದಾರರೇ ಮುಂದುವರಿಸಿದರು. ೧೬೪೯ರ ಜನವರಿಯ ಒಂದು ನಡುರಾತ್ರಿ ಬಾಲರಾಜನನ್ನು ಗುಟ್ಟಾಗಿ ರಾಜಧಾನಿಯಿಂದ ಸಾಗಿಸಬೇಕಾಯಿತು. ಸಾಮಾನುಗಳಿಲ್ಲದೆ ಬರಿದಾಗಿದ್ದ ಸಾಂ ಝರ್ಮೇನ್ ಅರಮನೆಯಲ್ಲಿ ಪರಿವಾರದ ಹಲವರು ಹುಲ್ಲಿನ ಮೇಲೆ ಮಲಗಿದರು. ೧೬೫೧ರ ಫೆಬ್ರವರಿಯಲ್ಲಿ ಅರಸನು ಮತ್ತೆ ತಪ್ಪಿಸಿಕೊಂಡನೇನೋ ಎಂಬ ಸಂದೇಹದಿಂದ ಪ್ಯಾರಿಸಿನ ಜನರು ಅರಮನೆಗೆ ನುಗ್ಗಿದಾಗ, ಹನ್ನೆರಡು ವರ್ಷದ ಹುಡುಗನು ನಿದ್ರಿಸುವವನಂತೆ ನಟಿಸುತ್ತ ಹಾಸಿಗೆಯಲ್ಲಿ ಮಲಗಿರಬೇಕಾಯಿತು. ತಂಡತಂಡವಾಗಿ ಬಂದು ಆತನನ್ನು ಕಂಡ ಬಳಿಕವೇ ಜನರು ಹಿಂದಿರುಗಿದರು. ಪ್ಯಾರಿಸ್ ನಗರದ ಮೇಲೆ ಲೂಯಿಗೆ ಹುಟ್ಟಿದ ಅಪನಂಬಿಕೆ ಜೀವಮಾನ ಪರ್ಯಂತ ಹೋಗಲಿಲ್ಲ. ಸರದಾರರನ್ನು ಶತ್ರುಗಳನ್ನಾಗಿ ಮಾಡಿಕೊಂಡು ಆಳುವುದು ಅಸಾಧ್ಯ, ಅವರನ್ನು ಸ್ವತಂತ್ರರಾಗಿ ಬಿಡುವುದೂ ಅಪಾಯ ಎಂಬ ಎರಡು ಪಾಠಗಳನ್ನು ಆತನು ಆ ವರ್ಷಗಳಲ್ಲಿ ಕಲಿತನು.

ಆಡಳಿತದ ಕೈಗಳು

೧೬೬೧ರ ಮಾರ್ಚ್ ೯ರಂದು ಮಾಜಾರಿನ್ ತೀರಿಕೊಂಡನು. ಅದರ ಮರುದಿನ ಲೂಯಿ ಮಂತ್ರಿಗಳನ್ನು ಕರೆಸಿ, ಇನ್ನು ಮುಂದೆ ಪ್ರಧಾನಮಂತ್ರಿಯ ಕೆಲಸವನ್ನು ತಾನೇ ನೋಡಿಕೊಳ್ಳುವುದಾಗಿಯೂ ತನ್ನ ಅಪ್ಪಣೆಯಿಲ್ಲದೆ ಯಾವ ಪತ್ರಕ್ಕೂ ಮುದ್ರೆ ಬೀಳಕೂಡದೆಂದೂ ತಿಳಿಸಿದನು. ಇಪ್ಪತ್ತೆರಡು ವರ್ಷದ ತರುಣನ ಈ ಉತ್ಸಾಹ ಬಹುಕಾಲ ನಿಲ್ಲಲಾರದೆಂದು ಆಸ್ಥಾನದವರು ಭಾವಿಸಿದರು. ಅದು ೫೪ ವರ್ಷಗಳ ಕಾಲ ನಿಂತಿತು. ತಾಯಿ, ತಮ್ಮ, ರಾಜವಂಶದ ಕುಮಾರರು, ಹಿರಿಯ ಧರ್ಮಾಧಿಕಾರಿಗಳು, ಸೇನಾನಿಗಳು ಎಲ್ಲರನ್ನೂ ಆತನು ಉನ್ನತ ಮಂತ್ರಾಲೋಚನ ಸಭೆಯಿಂದ ಹೊರಗಿರಿಸಿದನು. ಅಲ್ಲಿ ಕುಳಿತವರು ಮೂವರು ನಾಲ್ವರು ಮಾತ್ರ. ಅವರೂ ಪ್ರಾಚೀನ ಸರದಾರ ಮನೆತನದವರಲ್ಲ; ರೀಮ್ಸಿನ ವರ್ತಕ ಕುಲದ ಕೋಲ್ಬೆರ್, ನ್ಯಾಯಾಧಿಕಾರಿಗಳ ವಂಶದ ಲ ತೆಲ್ಯೆ ಮುಂತಾದವರು. ಸ್ವಂತ ದುರ್ಗವಾಗಲಿ ಸೈನ್ಯವಾಗಲಿ ಇಲ್ಲದ ಇಂಥವರ ಏಳಿಗೆಯೆಲ್ಲವೂ ಅರಸನ ಕೃಪೆಯಿಂದಲೇ ಆಗಬೇಕಾಗಿದ್ದುದರಿಂದ ಅವರ ನಿಷ್ಠೆಯೂ ಅವನಿಗೇ ಮೀಸಲಾಗಿದ್ದಿತು.

ಅದೇ ವರ್ಷದ ಸೆಪ್ಟೆಂಬರ್ ೫ರಂದು ಹಣಕಾಸಿನ ಅಧಿಕಾರಿಯಾಗಿದ್ದ ನಿಕೊಲಾ ಫೂಕೆಯ ಬಂಧನವಾಯಿತು. ಇದಕ್ಕೆ ಮೂರು ವಾರಗಳ ಹಿಂದೆಯಷ್ಟೇ ಆತನು ವೋ ಎಂಬಲ್ಲಿಯ ತನ್ನ ಭವ್ಯಭವನದಲ್ಲಿ ಅರಸನಿಗೆ ವೈಭವದ ಔತಣವನ್ನಿತ್ತಿದ್ದನು. ವಿಚಾರಣೆ ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಅರಸನು ಸ್ವತಃ ನೇಮಿಸಿದ ವಿಶೇಷ ನ್ಯಾಯಪೀಠವೇ ಆಗಿದ್ದರೂ ಅದರ ಬಹುಮತವು ಮರಣದಂಡನೆಗೆ ಒಪ್ಪಲಿಲ್ಲ. ೧೬೬೪ರ ಡಿಸೆಂಬರಿನಲ್ಲಿ ದೇಶಭ್ರಷ್ಟತೆಯ ಶಿಕ್ಷೆಯನ್ನು ಮಾತ್ರ ವಿಧಿಸಿತು. ಅಪರಾಧಿಯ ಶಿಕ್ಷೆಯನ್ನು ತಗ್ಗಿಸುವುದು ರಾಜಧರ್ಮವೆಂದು ಎಲ್ಲೆಡೆಯೂ ಪ್ರಸಿದ್ಧವಾದುದು. ಲೂಯಿ ಅದನ್ನು ಹೆಚ್ಚಿಸಿ ಆಜೀವ ಸೆರೆವಾಸವನ್ನಾಗಿ ಮಾಡಿದನು. ೧೬೮೦ರಲ್ಲಿ ಫೂಕೆ ಪಿನ್ಯೆರೋಲ್ ಕೋಟೆಯ ಸೆರೆಯಲ್ಲಿಯೇ ಪ್ರಾಣ ಬಿಟ್ಟನು. ಒಬ್ಬ ವ್ಯಕ್ತಿಯ ಮೇಲೆ ಅರಸನ ಕೈ ಎಷ್ಟು ಭಾರವಾಗಿ ಬೀಳಬಲ್ಲುದೆಂಬುದಕ್ಕೂ, ಅವನು ನೇಮಿಸಿದ ನ್ಯಾಯಾಧೀಶರು ಸಹ ಅವನ ಇಂಗಿತದಂತೆಯೇ ನಡೆಯುವರೆಂಬ ಭರವಸೆ ಇಲ್ಲವೆಂಬುದಕ್ಕೂ ಈ ಒಂದು ಪ್ರಸಂಗವೇ ಸಾಕ್ಷಿಯಾಗಿದೆ.

ಫೂಕೆಯ ಸ್ಥಾನಕ್ಕೆ ಬಂದ ಕೋಲ್ಬೆರ್ ೧೬೮೩ರಲ್ಲಿ ತೀರಿಕೊಳ್ಳುವವರೆಗೆ ಬೊಕ್ಕಸ, ನೌಕಾಬಲ, ವಾಣಿಜ್ಯ, ಕಟ್ಟಡಗಳು ಎಲ್ಲವನ್ನೂ ನೋಡಿಕೊಂಡನು. ಭಾರತದೊಡನೆ ವ್ಯಾಪಾರಕ್ಕಾಗಿ ೧೬೬೪ರಲ್ಲಿ ಫ್ರೆಂಚ್ ಈಸ್ಟ್ ಇಂಡಿಯಾ ಕಂಪೆನಿಯನ್ನು ಸ್ಥಾಪಿಸಿದವನೂ ಈತನೇ. ರಾಜ್ಯದ ಆದಾಯ ವೆಚ್ಚಗಳ ಸಾರಾಂಶವನ್ನು ಚಿಕ್ಕ ಪುಸ್ತಕಗಳಲ್ಲಿ ಬರೆಯಿಸಿ, ಅರಸನು ಜೇಬಿನಲ್ಲಿಟ್ಟುಕೊಂಡು ತಿರುಗುವಂತೆ ಆತನು ಏರ್ಪಡಿಸಿದ್ದನು. ಪ್ರಾಂತ್ಯಗಳಲ್ಲಿ ಅರಸನ ಕಣ್ಣು ಕಿವಿಗಳಾಗಿದ್ದವರು ಸುಮಾರು ೩೦ ಮಂದಿ 'ಇಂತಾಂದಾಂ'ಗಳು. ಈ ಅಧಿಕಾರಿಗಳನ್ನು ಅರಸನು ತನಗೆ ಬೇಕಾದಾಗ ನೇಮಿಸಬಹುದಿತ್ತು, ಬೇಡವಾದಾಗ ಹಿಂದಕ್ಕೆ ಕರೆಸಿಕೊಳ್ಳಬಹುದಿತ್ತು. ತೆರಿಗೆಯ ಹಂಚಿಕೆ, ನ್ಯಾಯದ ಮೇಲ್ವಿಚಾರಣೆ, ಸೈನ್ಯದ ಪೂರೈಕೆ ಇವರ ಹೊಣೆಯಾಗಿದ್ದವು.

ಆದರೆ ೨ ಕೋಟಿ ಜನರ ನಾಡಿಗೆ ಮೂವತ್ತು ಮಂದಿ ಸಾಲುವುದೆಂತು? ಉಳಿದ ಕೆಲಸವೆಲ್ಲ ಕ್ರಯಕ್ಕೆ ಕೊಂಡ ಹುದ್ದೆಗಳ ಒಡೆಯರ ಕೈಯಲ್ಲಿತ್ತು. ನ್ಯಾಯಾಧೀಶನ ಪೀಠವೂ ಕಂದಾಯಾಧಿಕಾರಿಯ ಸ್ಥಾನವೂ ಅಂದಿನ ಫ್ರಾನ್ಸಿನಲ್ಲಿ ಹೊಲಮನೆಗಳಂತೆ ಕೊಳ್ಳಬಹುದಾದ, ಮಾರಬಹುದಾದ ಆಸ್ತಿಗಳಾಗಿದ್ದವು. ಹುದ್ದೆಯ ನಿಗದಿತ ಬೆಲೆಯ ಅರವತ್ತರಲ್ಲಿ ಒಂದು ಪಾಲನ್ನು ವರ್ಷವರ್ಷ ಕಟ್ಟುತ್ತ ಬಂದರೆ ಅದನ್ನು ಮಕ್ಕಳಿಗೂ ಬಿಟ್ಟುಹೋಗುವ ಹಕ್ಕು ೧೬೦೪ರಿಂದಲೇ ದೊರೆತಿದ್ದಿತು. ೧೬೬೫ರಲ್ಲಿ ಕೋಲ್ಬೆರ್ ಮಾಡಿಸಿದ ಎಣಿಕೆಯಲ್ಲಿ ಇಂಥ ಹುದ್ದೆಗಳು ಸುಮಾರು ೪೬,೦೦೦ ಇದ್ದುವು. ಹುದ್ದೆಯ ಬೆಲೆಯನ್ನು ಹಿಂದಿರುಗಿಸದೆ ಅದರ ಒಡೆಯನನ್ನು ತೆಗೆದುಹಾಕುವುದು ಅರಸನಿಗೂ ಸುಲಭವಾಗಿರಲಿಲ್ಲ. ಎಲ್ಲರಿಗೂ ಹಿಂದಿರುಗಿಸುವಷ್ಟು ಹಣ ಬೊಕ್ಕಸದಲ್ಲಿರಲಿಲ್ಲ. ಯುದ್ಧ ಬಂದಾಗಲೆಲ್ಲ ಹೊಸ ಹುದ್ದೆಗಳನ್ನು ಸೃಷ್ಟಿಸಿ ಮಾರುವುದೇ ಹಣ ಕೂಡಿಸುವ ದಾರಿಯಾಗಿದ್ದುದರಿಂದ ಅರಸನ ಆಜ್ಞೆಯನ್ನು ಹೊರುವವರ ಸಂಖ್ಯೆ ಬೆಳೆದಂತೆಲ್ಲ ಅವನ ಹಿಡಿತಕ್ಕೆ ಸಿಕ್ಕದವರ ಸಂಖ್ಯೆಯೂ ಬೆಳೆಯಿತು.

'ಪಾರ್ಲೆಮಾಂ' ಎಂಬ ಉಚ್ಚ ನ್ಯಾಯಾಲಯಗಳು ಇಂಥ ಒಡೆಯರ ಕೋಟೆಗಳಾಗಿದ್ದುವು. ಹೆಸರಿನ ಸಾಮ್ಯದಿಂದ ಇವನ್ನು ಇಂಗ್ಲೆಂಡಿನ ಪಾರ್ಲಿಮೆಂಟಿನಂಥ ಜನಪ್ರತಿನಿಧಿಗಳ ಸಭೆಗಳೆಂದು ತಿಳಿಯಬಾರದು. ಅರಸನ ಶಾಸನಗಳನ್ನು ತಮ್ಮ ದಫ್ತರದಲ್ಲಿ ದಾಖಲು ಮಾಡಿಕೊಳ್ಳುವ ಮುನ್ನ ಆಕ್ಷೇಪಣೆಗಳನ್ನು ಸಲ್ಲಿಸುವುದು ಇವುಗಳ ಹಳೆಯ ಹಕ್ಕು. ೧೬೭೩ರಲ್ಲಿ ಲೂಯಿ, ಮೊದಲು ದಾಖಲೆ, ಆಕ್ಷೇಪಣೆಯೇನಿದ್ದರೂ ಆಮೇಲೆ ಎಂದು ಕಟ್ಟುಮಾಡಿದನು. ಆ ಹಕ್ಕು ಅಲ್ಲಿಗೆ ನಿರ್ಜೀವವಾಯಿತು. ಆದರೆ ನ್ಯಾಯಾಧೀಶರ ಆಸ್ತಿಯನ್ನಾಗಲಿ ಕುಲಗೌರವವನ್ನಾಗಲಿ ಆತನು ಮುಟ್ಟಲಿಲ್ಲ. ಪ್ರಾಂತಸಭೆಗಳಿದ್ದ ಲಾಂಗ್ದೊಕ್, ಬ್ರಿತಾನಿ, ಬರ್ಗಂಡಿ ಮುಂತಾದೆಡೆಗಳಲ್ಲಿಯೂ ಇದೇ ನೀತಿ ನಡೆಯಿತು. ಕೇಳಿದಷ್ಟು 'ಕಾಣಿಕೆ'ಯನ್ನು ಸಭೆ ಮರುಮಾತಿಲ್ಲದೆ ಒಪ್ಪಬೇಕು. ಅದಕ್ಕೆ ಪ್ರತಿಯಾಗಿ ಸ್ಥಳದ ಗಣ್ಯರ ಸವಲತ್ತುಗಳು ಉಳಿಯುವುವು. ಲಾಂಗ್ದೊಕ್ ಪ್ರಾಂತ್ಯದ ಲೆಕ್ಕಪತ್ರಗಳನ್ನು ಶೋಧಿಸಿದ ವಿಲಿಯಂ ಬೈಕ್ ಎಂಬ ಇತಿಹಾಸಕಾರರು, ಅಲ್ಲಿ ವಸೂಲಾದ ತೆರಿಗೆಯ ಗಣನೀಯ ಭಾಗವು ವೇತನ, ಬಡ್ಡಿ, ಗೌರವಧನಗಳ ರೂಪದಲ್ಲಿ ಪ್ರಾಂತ್ಯದ ಪ್ರತಿಷ್ಠಿತರಿಗೇ ಮರಳುತ್ತಿದ್ದುದನ್ನು ೧೯೮೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ವಿಧೇಯತೆ ಅಲ್ಲಿ ಭಯದಿಂದ ಮಾತ್ರ ಬಂದುದಲ್ಲ, ಲಾಭದಿಂದಲೂ ಬಂದುದಾಗಿದ್ದಿತು. ೧೬೬೬ರಿಂದ ೧೬೮೧ರವರೆಗೆ ಸುಮಾರು ೨೪೦ ಕಿಲೋಮೀಟರು ಉದ್ದದ ದಕ್ಷಿಣದ ಕಾಲುವೆಯನ್ನು ತೋಡಿದಾಗಲೂ ವೆಚ್ಚವನ್ನು ಅರಸನ ಬೊಕ್ಕಸ, ಆ ಪ್ರಾಂತಸಭೆ ಮತ್ತು ಗುತ್ತಿಗೆದಾರ ರಿಕೆ ಮೂವರೂ ಹಂಚಿಕೊಂಡರು.

ವರ್ಸೈ ಮತ್ತು ಸಾಹಿತ್ಯ

ಪ್ಯಾರಿಸಿಗೆ ಸಮೀಪದ ವರ್ಸೈ ಎಂಬ ಗ್ರಾಮದಲ್ಲಿ ಲೂಯಿಯ ತಂದೆ ಕಟ್ಟಿಸಿದ್ದ ಬೇಟೆಯ ಬಂಗಲೆ ಇದ್ದಿತು. ಅದನ್ನು ಮಹಾಪ್ರಾಸಾದವನ್ನಾಗಿ ಬೆಳೆಸಿ, ೧೬೮೨ರ ಮೇ ೬ರಂದು ಅರಸನು ಆಸ್ಥಾನವನ್ನೂ ಆಡಳಿತವನ್ನೂ ಅಲ್ಲಿಗೆ ವರ್ಗಾಯಿಸಿದನು. ಅಲ್ಲಿ ಅವನು ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ದೇವಾಲಯದ ಉಪಚಾರಗಳಂತೆ ಕ್ರಮಬದ್ಧವಾಗಿ ನಡೆಯುತ್ತಿದ್ದುವು. ಬೆಳಗ್ಗೆ ಶಯನಾಗಾರವನ್ನು ಯಾರು ಯಾವ ಸರದಿಯಲ್ಲಿ ಪ್ರವೇಶಿಸಬೇಕು, ಅಂಗಿಯನ್ನು ಯಾರು ನೀಡಬೇಕು, ರಾಣಿಯ ಸಮ್ಮುಖದಲ್ಲಿ ಮಣೆಯ ಮೇಲೆ ಕುಳಿತುಕೊಳ್ಳುವ ಹಕ್ಕು ಯಾವ ಸ್ತ್ರೀಯರಿಗುಂಟು ಎಂಬುದೆಲ್ಲ ನಿಯಮಿತವಾಗಿದ್ದಿತು. ರಾತ್ರಿ ಅರಸನು ಉಡುಪು ಕಳಚುವಾಗ ದೀಪ ಹಿಡಿಯುವುದು ಸರದಾರರು ಹಂಬಲಿಸುವ ಗೌರವವಾಗಿದ್ದುದನ್ನು ಸಾಂ ಸಿಮೋನ್ ತನ್ನ ಪ್ರಖ್ಯಾತ ಸ್ಮೃತಿಗ್ರಂಥದಲ್ಲಿ ವರ್ಣಿಸಿದ್ದಾನೆ. ಸನ್ನದು ಪಡೆದವರು ಮಾತ್ರ ತೊಡಬಹುದಾದ ನೀಲಿಯ ನಿಲುವಂಗಿಯೊಂದಿತ್ತು. ಆಸ್ಥಾನಕ್ಕೆ ಬಾರದ ಸರದಾರನ ಪರವಾಗಿ ಯಾರಾದರೂ ಬಿನ್ನವಿಸಿದರೆ, ಅಂಥವನನ್ನು ತಾನು ಕಂಡೇ ಇಲ್ಲವೆಂಬ ಉತ್ತರ ಬರುತ್ತಿದ್ದಿತು. ಬಟ್ಟೆ, ದೀಪ, ಮಣೆಗಳಂಥ ಅಲ್ಪವಸ್ತುಗಳಿಗೆ ಬೆಲೆ ಹುಟ್ಟಿಸಿ, ಖರ್ಚಿಲ್ಲದೆ ಹಂಚಬಹುದಾದ ಸಂಪತ್ತೊಂದನ್ನು ಲೂಯಿ ಸೃಷ್ಟಿಸಿಕೊಂಡನು.

ವರ್ಸೈ ಸರದಾರರ ಬಂಗಾರದ ಪಂಜರವೆಂಬ ಮಾತುಂಟು. ಇದು ಅರ್ಧಸತ್ಯ. ಸರದಾರವರ್ಗದ ಬಹುಪಾಲು ಜನರು ಅಲ್ಲಿ ವಾಸಿಸಲೇ ಇಲ್ಲ. ವಾಸಿಸಿದ ದೊಡ್ಡ ಮನೆತನಗಳಿಗೆ ಸೈನ್ಯದ ಅಧಿಪತ್ಯ, ಪ್ರಾಂತಗಳ ಗವರ್ನರ್ ಪದವಿ, ಧರ್ಮಪೀಠಗಳ ಆದಾಯ, ವಿಶ್ರಾಂತಿವೇತನ ಮುಂತಾದವು ದೊರೆಯುತ್ತಿದ್ದುವು. ಅವರು ತಮ್ಮನ್ನು ಆಶ್ರಯಿಸಿದ ಊರಿನವರಿಗೂ ಅವನ್ನು ಹಂಚುತ್ತಿದ್ದರು. ಪಂಜರದ ಬಾಗಿಲು ತೆರೆದೇ ಇದ್ದಿತು; ಒಳಗಿನ ಕಾಳಿಗಾಗಿ ಹಕ್ಕಿಗಳು ತಾವಾಗಿ ಬಂದುವು.

ಕವಿಗಳ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ೧೬೬೩ರಿಂದ ಕೋಲ್ಬೆರ್ ಪಂಡಿತರಿಗೂ ಕವಿಗಳಿಗೂ ವರ್ಷಾಶನಗಳನ್ನು ಗೊತ್ತುಮಾಡಿದನು. ೧೬೭೨ರಲ್ಲಿ ಲೂಯಿ ಸ್ವತಃ ಫ್ರೆಂಚ್ ಅಕಾಡೆಮಿಯ ಪೋಷಕನಾದನು. ೧೬೭೭ರಲ್ಲಿ ನಾಟಕಕಾರ ರಾಸೀನ್ ಮತ್ತು ಕವಿ ಬ್ವಾಲೋ ರಾಜನ ಚರಿತ್ರಕಾರರಾಗಿ ನೇಮಕಗೊಂಡರು. ರಾಸೀನನು ಆಮೇಲೆ ಹನ್ನೆರಡು ವರ್ಷ ಕಾಲ ರಂಗಭೂಮಿಗೆ ಹೊಸ ನಾಟಕವನ್ನು ಕೊಡಲಿಲ್ಲ. ಮೋಲಿಯೇರನ 'ತಾರ್ತ್ಯೂಫ್' ನಾಟಕದ ಕಥೆ ಇನ್ನೂ ಬೋಧಪ್ರದವಾಗಿದೆ. ಎ. ಎನ್. ಮೂರ್ತಿರಾಯರ 'ಆಷಾಢಭೂತಿ'ಯ ಮೂಲಕ ಕನ್ನಡಿಗರಿಗೂ ಪರಿಚಿತವಾದ ಈ ನಾಟಕ ಡಾಂಭಿಕ ಭಕ್ತನೊಬ್ಬನ ವಿಡಂಬನೆ. ೧೬೬೪ರ ಮೇ ತಿಂಗಳಲ್ಲಿ ವರ್ಸೈಯ ಉತ್ಸವದಲ್ಲಿ ಅರಸನೆದುರಿಗೇ ಅದರ ಪ್ರಯೋಗವಾಯಿತು. ಆದರೆ ಆಸ್ಥಾನದ ಧರ್ಮಶ್ರದ್ಧರ ಪಕ್ಷವು ಪ್ರತಿಭಟಿಸಿದುದರಿಂದ ಸಾರ್ವಜನಿಕ ಪ್ರದರ್ಶನವನ್ನು ಅರಸನೇ ನಿಷೇಧಿಸಬೇಕಾಯಿತು. ೧೬೬೭ರಲ್ಲಿ ತಿದ್ದಿದ ನಾಟಕವನ್ನು ಪ್ಯಾರಿಸಿನಲ್ಲಿ ಆಡಿದಾಗ, ಅರಸನು ರಣರಂಗದಲ್ಲಿದ್ದ ಸಮಯ ನೋಡಿ ಪಾರ್ಲೆಮಾಂ ಅಧ್ಯಕ್ಷನು ಒಂದೇ ಪ್ರದರ್ಶನದ ತರುವಾಯ ಅದನ್ನು ತಡೆದನು. ೧೬೬೯ರ ಫೆಬ್ರವರಿ ೫ರಂದು ಮಾತ್ರ ಅದಕ್ಕೆ ಬಿಡುಗಡೆ ದೊರೆಯಿತು. ನಾಟಕದ ಕೊನೆಯಲ್ಲಿ ಡಾಂಭಿಕನನ್ನು ಸೆರೆಹಿಡಿದು ಮನೆಯನ್ನು ಕಾಪಾಡುವುದು ಅರಸನ ಸೂಕ್ಷ್ಮದೃಷ್ಟಿಯೇ. ಆದರೆ ರಂಗದ ಮೇಲೆ ಸರ್ವಸಮರ್ಥನಾದ ಈ ಅರಸನಿಗೆ, ತಾನು ಮೆಚ್ಚಿದ ನಾಟಕವನ್ನು ಪುರಜನರ ಮುಂದೆ ಆಡಿಸುವುದಕ್ಕೆ ಸುಮಾರು ಐದು ವರ್ಷ ಬೇಕಾಯಿತು.

ತೆರಿಗೆಯ ಹೊರೆ

ಮೇಲಿನವರೊಡನೆ ಮಾಡಿಕೊಂಡ ಈ ಒಡಂಬಡಿಕೆಗೆ ಕ್ರಯವನ್ನು ತೆತ್ತವರು ಕೆಳಗಿನವರು. 'ತಾಯ್' ಎಂಬ ಮುಖ್ಯ ತೆರಿಗೆಯಿಂದ ಸರದಾರರಿಗೂ ಧರ್ಮಾಧಿಕಾರಿಗಳಿಗೂ ಅನೇಕ ಹುದ್ದೆದಾರರಿಗೂ ವಿನಾಯಿತಿ ಇದ್ದುದರಿಂದ ಅದರ ಭಾರವೆಲ್ಲ ರೈತನ ಮೇಲೆ ಬಿದ್ದಿತು. ಉಪ್ಪಿನ ಸುಂಕ ಅದಕ್ಕೆ ಸೇರಿಕೊಂಡಿತು. ಉತ್ತರದ ಪ್ರಾಂತಗಳಲ್ಲಿ ಪ್ರತಿ ಕುಟುಂಬವೂ ಗೊತ್ತಾದಷ್ಟು ಉಪ್ಪನ್ನು ಸರ್ಕಾರದಿಂದ ಕೊಳ್ಳಲೇಬೇಕಾಗಿದ್ದಿತು. ೧೬೭೫ರಲ್ಲಿ ಡಚ್ಚರೊಡನೆ ಯುದ್ಧ ನಡೆಯುತ್ತಿದ್ದಾಗ ಮುದ್ರೆಯ ಕಾಗದ, ತಂಬಾಕು ಮೊದಲಾದವುಗಳ ಮೇಲೆ ಹಾಕಿದ ಹೊಸ ಸುಂಕಗಳಿಂದ ಬ್ರಿತಾನಿ ಪ್ರಾಂತ್ಯ ದಂಗೆಯೆದ್ದಿತು. ಸೈನ್ಯ ಬಂದು ಅನೇಕ ರೈತರನ್ನು ಗಲ್ಲಿಗೇರಿಸಿತು. ರೆನ್ ನಗರದ ಪಾರ್ಲೆಮಾಂ ೧೬೯೦ರವರೆಗೆ ವಾನ್ ಎಂಬ ಚಿಕ್ಕ ಊರಿಗೆ ಗಡೀಪಾರಾಯಿತು. ಗಣ್ಯರು ಅವಿಧೇಯರಾದರೆ ವರ್ಗಾವಣೆ, ರೈತರು ಅವಿಧೇಯರಾದರೆ ಗಲ್ಲು ಎಂಬ ತಾರತಮ್ಯ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸೈನ್ಯವು ೧೬೯೦ರ ದಶಕದಲ್ಲಿ ಕಾಗದದ ಲೆಕ್ಕದಂತೆ ೪ ಲಕ್ಷದ ಸಮೀಪಕ್ಕೆ ಬೆಳೆಯಿತು. ೧೬೮೯ರಲ್ಲಿ ವರ್ಸೈಯ ಬೆಳ್ಳಿಯ ಪೀಠೋಪಕರಣಗಳನ್ನೆಲ್ಲ ಕರಗಿಸಿ ನಾಣ್ಯ ಹೊಡೆಯಲಾಯಿತು. ೧೬೯೩–೯೪ರ ಕ್ಷಾಮದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರು ಹಸಿವಿನಿಂದಲೂ ರೋಗದಿಂದಲೂ ಸತ್ತರು. ೧೬೯೫ರಲ್ಲಿ ಜನರನ್ನು ೨೨ ದರ್ಜೆಗಳಾಗಿ ವಿಂಗಡಿಸಿ, ಯುವರಾಜನನ್ನೂ ಬಿಡದೆ, ತಲೆಗಂದಾಯವನ್ನು ವಿಧಿಸಿದಾಗ ಸವಲತ್ತಿನ ಗೋಡೆಗೆ ಮೊದಲ ಬಿರುಕು ಬಿದ್ದಿತು. ಆದರೆ ಧರ್ಮಾಧಿಕಾರಿಗಳು ಇಡಿಗಂಟನ್ನು ಕೊಟ್ಟು ಅದರಿಂದ ಪಾರಾದರು. ಬಲ್ಲಿದರು ರಿಯಾಯಿತಿ ಪಡೆದರು. ಎಲ್ಲರೂ ತಮ್ಮ ಆದಾಯಕ್ಕೆ ತಕ್ಕಂತೆ ತೆರಿಗೆ ಕೊಡಬೇಕೆಂಬ ಯೋಜನೆಯನ್ನು ಕೋಟೆಗಳ ನಿರ್ಮಾಪಕನೂ ಅರಸನ ಪರಮನಿಷ್ಠ ಸೇವಕನೂ ಆದ ವೋಬಾನ್ ೧೭೦೭ರಲ್ಲಿ ಪುಸ್ತಕರೂಪದಲ್ಲಿ ಮುಂದಿಟ್ಟನು. ಪುಸ್ತಕ ನಿಷೇಧಕ್ಕೊಳಗಾಯಿತು, ಅದೇ ವರ್ಷದ ಮಾರ್ಚಿನಲ್ಲಿ ವೋಬಾನ್ ಕಾಲವಶನಾದನು. ರಾಜ್ಯವನ್ನು ಉಳಿಸಬಹುದಾಗಿದ್ದ ದಾರಿಯನ್ನು ಹಿಡಿದರೆ, ರಾಜ್ಯವನ್ನು ಹೊತ್ತಿದ್ದ ಕೈಗಳನ್ನೇ ಎದುರು ಹಾಕಿಕೊಳ್ಳಬೇಕಾಗಿದ್ದಿತು.

ಅಂತಃಕರಣದ ಎಲ್ಲೆ

ಲೂಯಿಯ ಅಧಿಕಾರವು ಅತ್ಯಂತ ಕಠೋರವಾಗಿಯೂ ಅತ್ಯಂತ ನಿಷ್ಫಲವಾಗಿಯೂ ಪ್ರಕಟವಾದುದು ಮತವಿಚಾರದಲ್ಲಿ. ಆತನ ತಾತ ನಾಲ್ಕನೆಯ ಆಂರಿ ೧೫೯೮ರಲ್ಲಿ ಹೊರಡಿಸಿದ ನಾಂತ್ ಶಾಸನವು ಹ್ಯೂಗೆನಾಟರೆಂಬ ಪ್ರಾಟೆಸ್ಟಂಟ್ ಪಂಥದವರಿಗೆ ತಮ್ಮ ಮತಾಚರಣೆಯ ಸ್ವಾತಂತ್ರ್ಯವನ್ನು ನಿಯಮಿತವಾಗಿ ಕೊಟ್ಟಿದ್ದಿತು. ಒಂದೇ ರಾಜ್ಯಕ್ಕೆ ಒಬ್ಬನೇ ಅರಸ, ಒಂದೇ ಮತವಿರಬೇಕೆಂದು ನಂಬಿದ್ದ ಲೂಯಿಯ ಕಾಲದಲ್ಲಿ ಈ ಸ್ವಾತಂತ್ರ್ಯವನ್ನು ಒಂದೊಂದಾಗಿ ಕತ್ತರಿಸಲಾಯಿತು. ೧೬೮೧ರಲ್ಲಿ ಪ್ವಾತೂ ಪ್ರಾಂತ್ಯದಲ್ಲಿ ಹೊಸ ಉಪಾಯವೊಂದು ಆರಂಭವಾಯಿತು: ಹ್ಯೂಗೆನಾಟರ ಮನೆಗಳಲ್ಲಿ ಅಶ್ವಸೈನಿಕರನ್ನು ಬಿಡಾರ ಇರಿಸುವುದು; ಮತಾಂತರಕ್ಕೆ ಮನೆಯವರು ಒಪ್ಪುವವರೆಗೆ ಅವರ ಸುಲಿಗೆ ಹಿಂಸೆಗಳಿಗೆ ಅಡ್ಡಿಮಾಡದಿರುವುದು. ಊರಿಗೆ ಊರೇ ಮತಾಂತರಗೊಂಡ ವರದಿಗಳು ವರ್ಸೈಗೆ ಬರತೊಡಗಿದುವು. ಹ್ಯೂಗೆನಾಟರೇ ಉಳಿದಿಲ್ಲವೆಂದ ಮೇಲೆ ಅವರ ರಕ್ಷಣೆಯ ಶಾಸನವೇಕೆ ಎಂಬ ನೆವದಿಂದ ೧೬೮೫ರ ಅಕ್ಟೋಬರಿನಲ್ಲಿ ಫೊಂತೆನ್‌ಬ್ಲೋ ಎಂಬಲ್ಲಿ ನಾಂತ್ ಶಾಸನವನ್ನು ರದ್ದುಪಡಿಸಲಾಯಿತು. ಅವರ ದೇವಾಲಯಗಳನ್ನು ಕೆಡವಬೇಕು, ಬೋಧಕರು ಹದಿನೈದು ದಿನಗಳೊಳಗಾಗಿ ದೇಶ ಬಿಡಬೇಕು, ಉಳಿದವರು ದೇಶ ಬಿಟ್ಟರೆ ಗಂಡಸರಿಗೆ ಹಡಗಿನಲ್ಲಿ ಹುಟ್ಟುಹಾಕುವ ಶಿಕ್ಷೆ ಎಂದು ವಿಧಿಸಲಾಯಿತು.

ಆಜ್ಞೆ ಕಟ್ಟುನಿಟ್ಟಾಗಿದ್ದರೂ ಸುಮಾರು ೨ ಲಕ್ಷ ಜನರು ಗಡಿ ದಾಟಿ ಹಾಲೆಂಡ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಬ್ರಾಂಡೆನ್‌ಬುರ್ಗ್‌ಗಳಿಗೆ ಹೋದರು. ಬ್ರಾಂಡೆನ್‌ಬುರ್ಗಿನ ದೊರೆ ಕೆಲವೇ ವಾರಗಳಲ್ಲಿ ಪಾಟ್ಸ್‌ಡಾಮ್ ಶಾಸನದ ಮೂಲಕ ಅವರನ್ನು ಆಹ್ವಾನಿಸಿದನು. ನೇಕಾರರು, ಗಡಿಯಾರ ತಯಾರಕರು, ಸೈನ್ಯಾಧಿಕಾರಿಗಳು ಹೀಗೆ ಲೂಯಿಯ ಪ್ರತಿಸ್ಪರ್ಧಿಗಳ ಪಾಲಾದರು. ೧೬೮೯ರಲ್ಲಿಯೇ ವೋಬಾನ್ ಅವರನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ವಿಜ್ಞಾಪನಾಪತ್ರವನ್ನು ಬರೆದನು. ಅರಸರು ಪ್ರಜೆಗಳ ಪ್ರಾಣಕ್ಕೂ ಸ್ವತ್ತಿಗೂ ಒಡೆಯರಾದರೂ ಅವರ ಅಂತರಂಗದ ನಂಬಿಕೆಗೆ ಒಡೆಯರಲ್ಲವೆಂಬುದು ಅವನ ವಾದದ ತಿರುಳಾಗಿದ್ದಿತು. ಅದು ಫಲಿಸಲಿಲ್ಲ. ಒಳನಾಡಿನಲ್ಲಿ ಉಳಿದವರು ಹಗಲು ಕ್ಯಾಥೋಲಿಕರಾಗಿದ್ದು, ರಾತ್ರಿ ಕಾಡುಕಣಿವೆಗಳಲ್ಲಿ ಗುಟ್ಟಾಗಿ ಪ್ರಾರ್ಥನೆಗೆ ಸೇರುತ್ತಿದ್ದರು. ೧೭೦೨ರಲ್ಲಿ ಸೆವೆನ್ ಬೆಟ್ಟಗಳ ಕುರುಬರೂ ಉಣ್ಣೆ ಹಿಂಜುವವರೂ ಆಯುಧ ಹಿಡಿದಾಗ, ವಿದೇಶದ ಯುದ್ಧದಲ್ಲಿ ತೊಡಗಿದ್ದ ಫ್ರಾನ್ಸು ಹೆಸರಾಂತ ಸೇನಾನಿಗಳನ್ನೇ ಅಲ್ಲಿಗೆ ಕಳುಹಬೇಕಾಯಿತು. ಕೊನೆಗೆ ೧೭೮೭ರಲ್ಲಿ ಹದಿನಾರನೆಯ ಲೂಯಿ ಹೊಸ ಶಾಸನದ ಮೂಲಕ ಇವರ ಜನನ, ವಿವಾಹ, ಮರಣಗಳನ್ನು ದಾಖಲಿಸಲು ಒಪ್ಪಿದನು. ಇಲ್ಲವೆಂದು ಘೋಷಿತರಾದ ಜನರು ನೂರು ವರ್ಷಗಳ ಅನಂತರವೂ ಇದ್ದರೆಂಬುದಕ್ಕೆ ಅದೇ ಪ್ರಮಾಣ.

ಸ್ವಮತದವರ ವಿಷಯದಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಪೋರ್ ರಾಯಲ್ ಮಠದ ಸಂನ್ಯಾಸಿನಿಯರು ಜಾನ್‌ಸೆನ್ ಪಂಥದ ನಿಷ್ಠುರ ಧರ್ಮಶ್ರದ್ಧೆಗೆ ಹೆಸರಾದವರು. ರಾಸೀನನು ಬಾಲ್ಯದಲ್ಲಿ ಓದಿದುದು ಆ ಪರಿಸರದಲ್ಲಿಯೇ. ತಮ್ಮ ಮನಸ್ಸು ಒಪ್ಪದ ಪ್ರತಿಜ್ಞಾಪತ್ರಗಳಿಗೆ ಸಹಿ ಮಾಡಲು ಅವರು ಹಿಂಜರಿದರು. ೧೭೦೯ರ ಅಕ್ಟೋಬರಿನಲ್ಲಿ ಪೊಲೀಸರು ಬಂದು ಅಲ್ಲಿ ಉಳಿದಿದ್ದ ವೃದ್ಧೆಯರನ್ನು ಬೇರೆ ಬೇರೆ ಮಠಗಳಿಗೆ ಸಾಗಿಸಿದರು. ಮುಂದೆ ಕಟ್ಟಡಗಳೇ ನೆಲಸಮವಾದುವು. ಆದರೆ ಆ ಪಂಥದ ವಿವಾದ ಹದಿನೆಂಟನೆಯ ಶತಮಾನದುದ್ದಕ್ಕೂ ರಾಜ್ಯವನ್ನು ಕಾಡಿತು.

ಕೊನೆಯ ವರ್ಷಗಳು

ಅದೇ ೧೭೦೯ರ ಚಳಿಗಾಲ ಅತಿಭೀಕರವಾಗಿದ್ದಿತು. ನದಿಗಳು ಹೆ‍ಪ್ಪುಗಟ್ಟಿದುವು, ಬಿತ್ತಿದ ಗೋಧಿ ನೆಲದಲ್ಲಿಯೇ ಸತ್ತಿತು. ಸ್ಪೇನಿನ ಉತ್ತರಾಧಿಕಾರ ಯುದ್ಧದಲ್ಲಿ ಸೋಲಿನ ಮೇಲೆ ಸೋಲುಂಡ ಲೂಯಿ ಸಂಧಿಯನ್ನು ಬೇಡಿದನು. ಸ್ಪೇನಿನ ಸಿಂಹಾಸನದಲ್ಲಿದ್ದ ತನ್ನ ಮೊಮ್ಮಗನನ್ನು ತಾನೇ ಬಲಪ್ರಯೋಗದಿಂದ ಕೆಳಗಿಳಿಸಬೇಕೆಂಬ ಷರತ್ತನ್ನು ಶತ್ರುಪಕ್ಷ ಒಡ್ಡಿದಾಗ ಆತನು ಹಿಂದೆಂದೂ ಮಾಡದ ಕೆಲಸವೊಂದನ್ನು ಮಾಡಿದನು. ಜೂನ್ ೧೨ರಂದು ಪ್ರಾಂತಗಳ ಗವರ್ನರರಿಗೆ ಬರೆದ ಪತ್ರವನ್ನು ಮುದ್ರಿಸಿ ಊರೂರಿಗೆ ಹಂಚಿಸಿ, ಸಂಧಿಯನ್ನು ತಾನು ಏಕೆ ಒಪ್ಪಲಾರೆನೆಂಬುದನ್ನು ಪ್ರಜೆಗಳಿಗೆ ವಿವರಿಸಿದನು. ಯಾರಿಗೂ ಕಾರಣ ಹೇಳಬೇಕಾಗಿಲ್ಲವೆಂದು ಬದುಕಿದ ಅರಸನು ಎಪ್ಪತ್ತರ ವಯಸ್ಸಿನಲ್ಲಿ ಜನರ ಮುಂದೆ ಕಾರಣಗಳನ್ನು ಇಟ್ಟನು. ಜನರಲ್ಲಿ ಹೊಸ ಸ್ಥೈರ್ಯ ಮೂಡಿತು. ಸೆಪ್ಟೆಂಬರಿನಲ್ಲಿ ಮಾಲ್‌ಪ್ಲಾಕೆ ಎಂಬಲ್ಲಿ ಫ್ರೆಂಚ್ ಸೈನ್ಯ ಹಿಂದೆ ಸರಿದರೂ ಶತ್ರುಗಳಿಗೆ ತನಗಿಂತ ಹೆಚ್ಚಿನ ನಷ್ಟವನ್ನುಂಟುಮಾಡಿತು. ಐವತ್ತು ವರ್ಷಗಳ ಆಜ್ಞೆಗಳಿಂದ ದೊರೆಯದಿದ್ದ ಬೆಂಬಲ ಒಂದು ವಿಜ್ಞಾಪನೆಯಿಂದ ದೊರೆಯಿತು.

ಲೂಯಿ ತೀರಿಕೊಂಡಾಗ ಉಳಿದ ಸಾಲ ೨೦೦ ಕೋಟಿ ಲೀವ್ರ್ ನಾಣ್ಯಗಳಿಗೆ ಕಡಮೆಯಿರಲಿಲ್ಲ. ಉತ್ತರಾಧಿಕಾರಿಯಾದ ಮರಿಮಗನು ಐದು ವರ್ಷದ ಬಾಲಕ. ರಾಜಪ್ರತಿನಿಧಿಯಾಗತಕ್ಕ ಓರ್ಲೆಯಾಂ ಡ್ಯೂಕನ ಕೈ ಕಟ್ಟುವಂತೆ ಲೂಯಿ ಮರಣಶಾಸನವನ್ನು ಬರೆದಿಟ್ಟಿದ್ದನು. ಸೆಪ್ಟೆಂಬರ್ ೨ರಂದು, ಅಂದರೆ ಅರಸನು ಸತ್ತ ಮರುದಿನವೇ, ಪ್ಯಾರಿಸಿನ ಪಾರ್ಲೆಮಾಂ ಆ ಶಾಸನದ ಮುಖ್ಯಾಂಶಗಳನ್ನು ತಳ್ಳಿಹಾಕಿತು. ಅದಕ್ಕೆ ಪ್ರತಿಫಲವಾಗಿ ೧೬೭೩ರಲ್ಲಿ ಕಳೆದುಕೊಂಡಿದ್ದ ಆಕ್ಷೇಪಣೆಯ ಹಕ್ಕು ಅದೇ ತಿಂಗಳಿನಲ್ಲಿ ಅದಕ್ಕೆ ಮರಳಿ ದೊರೆಯಿತು. ವಿವಾಹಬಾಹಿರವಾಗಿ ಹುಟ್ಟಿದ ತನ್ನ ಮಕ್ಕಳಿಗೆ ಸಿಂಹಾಸನದ ಹಕ್ಕನ್ನು ಕೊಡುವ ೧೭೧೪ರ ಅವನ ಶಾಸನವೂ ೧೭೧೭ರಲ್ಲಿ ರದ್ದಾಯಿತು.

ಹೀಗೆ, ನಿರಂಕುಶವೆನಿಸಿದ ಈ ಪ್ರಭುತ್ವಕ್ಕೆ ಕಾಣದ ಮೂರು ಅಂಕುಶಗಳಿದ್ದುವು. ಮೊದಲನೆಯದು, ಅದರ ಆಜ್ಞೆಗಳನ್ನು ಹೊತ್ತವರ ಸವಲತ್ತು. ಅದನ್ನು ಮುಟ್ಟಿದರೆ ಆಡಳಿತವೇ ನಿಲ್ಲುವಂತಿದ್ದಿತು. ಎರಡನೆಯದು ಸಾಲ; ಬಲ್ಲಿದರಿಂದ ತೆರಿಗೆಯನ್ನು ಪಡೆಯಲಾರದ ಅರಸನು ಅವರಿಂದ ಬಡ್ಡಿಗೆ ಹಣ ತರಬೇಕಾಯಿತು. ಮೂರನೆಯದು ಮನುಷ್ಯನ ಅಂತಃಕರಣ. ಅದನ್ನು ಕೊಳ್ಳಲೂ ಆಗಲಿಲ್ಲ, ಹೆದರಿಸಲೂ ಆಗಲಿಲ್ಲ. ಲೂಯಿ ಸಮರ್ಥನಲ್ಲದ ಅರಸನೇನೂ ಅಲ್ಲ. ದೇಶದ ಗಡಿಗಳನ್ನು ಬಲಪಡಿಸಿದವನು, ಕಾನೂನುಗಳನ್ನು ಕ್ರೋಡೀಕರಿಸಿದವನು, ಭಾಷೆ ಕಲೆಗಳಿಗೆ ಅಸಾಧಾರಣ ಪೋಷಣೆಯನ್ನಿತ್ತವನು. ಆದರೆ ಸವಲತ್ತುಗಳಿಗೆ ಕೈಹಚ್ಚದೆ ಪಡೆದ ವಿಧೇಯತೆಯ ಲೆಕ್ಕವನ್ನು ಮುಂದಿನ ಪೀಳಿಗೆ ತೀರಿಸಬೇಕಾಯಿತು. ಸವಲತ್ತುಳ್ಳವರೂ ತೆರಿಗೆ ಕೊಡಬೇಕೆಂಬ ಪ್ರಶ್ನೆಯನ್ನು ಬಗೆಹರಿಸಲಾರದೆ ಅವನ ವಂಶದವರು, ೧೬೧೪ರಿಂದ ಒಮ್ಮೆಯೂ ಕೂಡಿರದ ರಾಷ್ಟ್ರಸಭೆಯನ್ನು ೧೭೮೯ರ ಮೇ ತಿಂಗಳಲ್ಲಿ ಕರೆಯಬೇಕಾಯಿತು. ಆ ಸಭೆ ಸೇರಿದುದು ವರ್ಸೈಯಲ್ಲಿಯೇ.